ಹೆಸರಿನ ಭೇದವೂ ರಕ್ಷಣೆಯ ಧರ್ಮವೂ

ವಸ್ತುವಿಗೆ ಹೆಸರಿಡುವುದು ಜ್ಞಾನದ ಕಾರ್ಯ. ಅದನ್ನು ಕಾಪಾಡುವುದು ಧರ್ಮದ ಕಾರ್ಯ. ಇವೆರಡಕ್ಕೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಹೆಸರಿನಲ್ಲಿ ಹುಟ್ಟಿದ ಸಂದೇಹವು ರಕ್ಷಣೆಯನ್ನೂ ಸಡಿಲಿಸಬಲ್ಲುದೆಂಬುದಕ್ಕೆ ನಿಕೋಬಾರ್ ದ್ವೀಪಗಳ ಪಾರಿವಾಳವೊಂದು ನಿದರ್ಶನವಾಗಿದೆ.

ಪಶ್ಚಿಮಘಟ್ಟದ ಕಾಡುಗಳಿಂದ ಮೊದಲ್ಗೊಂಡು ಇಂಡೊನೇಷ್ಯಾದ ದ್ವೀಪಗಳವರೆಗೆ, ಹಸಿರು ಬೆನ್ನಿನ, ಬೂದುಬಣ್ಣದ ತಲೆ ಕೊರಳುಗಳ ದೊಡ್ಡ ಕಾಡುಪಾರಿವಾಳವೊಂದುಂಟು. 1766ರಲ್ಲಿ ಲಿನ್ನೇಯಸನು ಇದಕ್ಕೆ ‘ಈನಿಯಾ’, ಎಂದರೆ ಕಂಚಿನ ಬಣ್ಣದ್ದು, ಎಂದು ಹೆಸರಿಟ್ಟನು. ‘ದುಕುಲಾ’ ಎಂಬ ಕುಲನಾಮವನ್ನು 1836ರಲ್ಲಿ ಹಾಡ್ಸನ್ ಪಂಡಿತನು ನೇಪಾಳದ ಆಡುಮಾತಿನಿಂದ ಆರಿಸಿಕೊಂಡನು. ಈ ಕುಲದ ಹಕ್ಕಿಗಳು ಫಲಾಹಾರಿಗಳು. ಬಾಯನ್ನು ಅಗಲವಾಗಿ ತೆರೆದು ಜಾಯಿಕಾಯಿಯಂಥ ದಪ್ಪ ಬೀಜದ ಹಣ್ಣನ್ನೂ ಇಡಿಯಾಗಿ ನುಂಗುವುವು. ತಿರುಳು ಜೀರ್ಣವಾಗಿ, ಬೀಜವು ಕೆಡದೆ ದೂರದಲ್ಲಿ ಬೀಳುವುದು. ಹೀಗೆ ಅವುಗಳ ಊಟವೇ ಕಾಡಿನ ಬಿತ್ತನೆಯಾಗುವುದು.

ಆಸ್ಟ್ರಿಯ ದೇಶದ ‘ನೊವಾರಾ’ ನೌಕೆಯು 1858ರಲ್ಲಿ ನಿಕೋಬಾರನ್ನು ಸಂದರ್ಶಿಸಿತು. ಆ ಯಾತ್ರೆಯಲ್ಲಿ ದೊರೆತ ಪಕ್ಷಿಗಳನ್ನು ಪರಿಶೀಲಿಸಿದ ಪೆಲ್ಟ್ಸೆಲ್ನ್ ಎಂಬ ವಿದ್ವಾಂಸನು 1865ರಲ್ಲಿ ಅಲ್ಲಿಯ ಪಾರಿವಾಳಕ್ಕೆ ‘ನಿಕೋಬಾರಿಕಾ’ ಎಂಬ ಹೆಸರನ್ನು ಕೊಟ್ಟನು. ಅದರ ಬೆನ್ನಿನಲ್ಲಿ ನೀಲಿಯ ಛಾಯೆ ಹೆಚ್ಚು. ಬಾಲದ ಅಡಿಗರಿಗಳಲ್ಲಿ ಕೆಂಗಂದು ಬಣ್ಣ ಮಂಕು. ಆದರೂ ಬಹುಕಾಲ ಅದನ್ನು ಹಸಿರು ಪಾರಿವಾಳದ ಉಪಜಾತಿಯೆಂದೇ ಎಣಿಸಿದರು. 2014ರಲ್ಲಿ ಹೊರಬಂದ ಲೋಕಪಕ್ಷಿಗಳ ಪಟ್ಟಿಯೊಂದು ಅದನ್ನು ಸ್ವತಂತ್ರ ಜಾತಿಯೆಂದು ಗಣಿಸಿತು. ಬಳಿಕ ಅದು ಅಪಾಯಕ್ಕೆ ಸಮೀಪವಾದ ಹಕ್ಕಿಗಳ ಸಾಲಿಗೆ ಸೇರಿತು. ಹಕ್ಕಿಯ ಒಂದು ಗರಿಯೂ ಬದಲಾಗಲಿಲ್ಲ. ಮನುಷ್ಯರ ದೃಷ್ಟಿಯಲ್ಲಿ ಅದರ ಬೆಲೆ ಮಾತ್ರ ಬದಲಾಯಿತು.

ಹಾಗಾದರೆ ಜಾತಿಯೆಂಬುದು ವಸ್ತುವಿನಲ್ಲಿರುವುದೋ, ನೋಡುವವನ ಬುದ್ಧಿಯಲ್ಲಿರುವುದೋ? ಅನೇಕ ವ್ಯಕ್ತಿಗಳಲ್ಲಿ ಒಂದಾಗಿ ನೆಲಸಿರುವ ನಿತ್ಯಧರ್ಮವೇ ಜಾತಿಯೆಂದು ನೈಯಾಯಿಕರು ಹೇಳುವರು. ಅನ್ಯವಾದುದನ್ನು ದೂರಮಾಡುವ ಬುದ್ಧಿಯ ಕಲ್ಪನೆಯೇ ಅದೆಂದು ಬೌದ್ಧರು ವಾದಿಸುವರು. ಈ ಪಾರಿವಾಳವು ಇಬ್ಬರಿಗೂ ಪೂರ್ಣವಾಗಿ ವಶವಾಗದು. ಕಡಲು ಬೇರ್ಪಡಿಸಿದ ಹಕ್ಕಿಗಳಲ್ಲಿ ಭೇದವು ತಲೆಮಾರುಗಳ ಮೇಲೆ ಸ್ವಲ್ಪಸ್ವಲ್ಪವಾಗಿ ಬೆಳೆಯುವುದು. ಇಂಥ ದಿನ ಹೊಸ ಜಾತಿ ಹುಟ್ಟಿತೆಂದು ಹೇಳಲಾಗದು. ಅರುಣೋದಯದಲ್ಲಿ ಹಗಲು ಯಾವ ಕ್ಷಣದಲ್ಲಿ ಮೊದಲಾಯಿತೆಂದು ತೋರಿಸಲಾಗದು. ಆದರೆ ಹಗಲೂ ಇರುಳೂ ಒಂದೇ ಎನ್ನಲೂ ಆಗದು. ಭೇದವು ನಿಜ, ಗೆರೆಯು ಮನುಷ್ಯನದು.

ಗೆರೆಯೇ ಇಲ್ಲದಿದ್ದರೆ ಎಣಿಕೆಯಿಲ್ಲ, ಎಣಿಕೆಯಿಲ್ಲದೆ ಶಾಸನವು ಏನನ್ನು ಕಾಯುವುದು ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ನ್ಯಾಯವಾದುದೇ. ಗೆರೆಯನ್ನು ಎಳೆಯಲೇಬೇಕು. ಆದರೆ ಸಂದೇಹವಿರುವಲ್ಲಿ ಯಾವ ಕಡೆಗೆ ತಪ್ಪುವುದು ಕಡಮೆ ಪಾಪವೆಂಬುದನ್ನು ವಿಚಾರಿಸಬೇಕು. ಒಂದನ್ನು ಎರಡೆಂದು ಬರೆದರೆ ಮುಂದಿನ ಪಂಡಿತನ ಲೇಖನಿಯು ತಿದ್ದೀತು. ಎರಡನ್ನು ಒಂದೆಂದು ಭಾವಿಸಿ, ಬೇರೆ ಕಡೆ ಬೇಕಾದಷ್ಟಿವೆಯೆಂಬ ಸಮಾಧಾನದಲ್ಲಿ ಒಂದನ್ನು ಕಳೆದರೆ, ಅದನ್ನು ಯಾವ ಲೇಖನಿಯೂ ತಿದ್ದಲಾರದು.

ಈ ವಿಚಾರವು ಬರಿಯ ತರ್ಕವಲ್ಲ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನನಿಲ್ದಾಣ, ಪಟ್ಟಣಗಳಿಗಾಗಿ ಸುಮಾರು 130 ಚದರ ಕಿಲೋಮೀಟರು ಅರಣ್ಯವನ್ನು ಬಳಸುವ ಯೋಜನೆಗೆ 2022ರಲ್ಲಿ ಸರಕಾರದ ಪರಿಸರಾನುಮತಿ ದೊರೆಯಿತು. ಅಲ್ಲಿಯ ಮರಗಳ ಬೀಜವನ್ನು ಮಲೆನಾಡಿನ ಪಾರಿವಾಳವು ಹೋಗಿ ಬಿತ್ತಲಾರದು. ಅದು ಜಾತಿಯಲ್ಲಿ ಒಂದೇ ಆಗಿದ್ದರೂ ಈ ಕೆಲಸದಲ್ಲಿ ಪ್ರತಿನಿಧಿಯಾಗಲಾರದು. ಆದುದರಿಂದ ಹೆಸರಿನ ನಿರ್ಣಯವನ್ನು ಪಂಡಿತರು ನಿಧಾನವಾಗಿ ಮಾಡಲಿ. ಅದಕ್ಕಾಗಿ ರಕ್ಷಣೆಯು ಕಾದಿರಬೇಕಾಗಿಲ್ಲ.