‘ರಬ್ಬಿ’ಯೊಳಗಿನ ‘ನನ್ನ’

ಯೆಹೂದಿಗಳ ‘ರಬ್ಬಿ’ ಎಂದರೆ ಪುರೋಹಿತ ಎಂದೇ ನಮ್ಮಲ್ಲಿ ಅನೇಕರ ಎಣಿಕೆ. ಹೀಬ್ರೂವಿನಲ್ಲಿ ಆ ಪದದ ಒಡಲೇ ಬೇರೆ. ‘ರವ್’ ಎಂದರೆ ದೊಡ್ಡವನು, ಒಡೆಯ. ಕೊನೆಗೆ ಅಂಟಿಕೊಂಡ ಇಕಾರಕ್ಕೆ ‘ನನ್ನ’ ಎಂದರ್ಥ. ಹಾಗಾಗಿ ರಬ್ಬಿ ಎಂದರೆ ‘ನನ್ನ ಗುರು’. ‘ರಬ್ಬಾನ್’ ಎಂದರೆ ನಮ್ಮ ಗುರು. ‘ನಮ್ಮ ಮೇಷ್ಟ್ರು’ ಎನ್ನುವಾಗ ನಾವು ಒತ್ತಿ ಹೇಳುವ ‘ನಮ್ಮ’ ಅದರೊಳಗಿದೆ. ವಿದ್ವಾಂಸನಿಗೆ ಸಲ್ಲುವ ಇನ್ನೊಂದು ದೊಡ್ಡ ಹೆಸರು ‘ತಲ್ಮಿದ್ ಹಖಾಮ್’. ಅದರಲ್ಲಿ ಹಖಾಮ್ ಎಂದರೆ ಜ್ಞಾನಿ, ತಲ್ಮಿದ್ ಎಂದರೆ ಶಿಷ್ಯ. ತಲೆ ನರೆತ ಪಂಡಿತನನ್ನೂ ಶಿಷ್ಯನೆಂದೇ ಕರೆಯುವ ಗೌರವ ಇದು! ಈ ಬಿರುದುಗಳು ಒಬ್ಬನ ತಲೆಯೊಳಗಿನ ವಿದ್ಯೆಯನ್ನು ಅಳೆಯುವುದಿಲ್ಲ, ಇಬ್ಬರ ನಡುವಿನ ಋಣವನ್ನು ಹೆಸರಿಸುತ್ತವೆ ಎಂಬುದು ನನ್ನ ವಾದ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಗುಲಾಮನ ಒಡೆಯನಿಗೂ ಹೀಬ್ರೂವಿನಲ್ಲಿ ‘ರವ್’ ಎಂದೇ ಹೆಸರು. ಹಾಗಿದ್ದರೆ ಇದು ಅಧಿಕಾರದ ಮಾತಲ್ಲವೇ? ಪದ ಒಂದೇ ನಿಜ, ಆದರೆ ಒಡೆತನ ಬಂದ ದಾರಿ ಒಂದೇ ಅಲ್ಲ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದಿ ಧರ್ಮಶಾಸ್ತ್ರ ಗ್ರಂಥ ಮಿಶ್ನಾದಲ್ಲಿ ಒಂದು ಪ್ರಶ್ನೆ ಬರುತ್ತದೆ: ತಂದೆಯೂ ಗುರುವೂ ಏನನ್ನೋ ಕಳೆದುಕೊಂಡಿದ್ದಾರೆ, ಮಗ ಮೊದಲು ಯಾರದನ್ನು ಹುಡುಕಬೇಕು? ಗುರುವಿನದನ್ನು ಎನ್ನುತ್ತದೆ ಮಿಶ್ನಾ. ತಂದೆ ಈ ಲೋಕಕ್ಕೆ ತಂದ, ವಿದ್ಯೆ ಕಲಿಸಿದವನು ಮುಂದಿನ ಲೋಕಕ್ಕೆ ಕರೆದೊಯ್ಯುತ್ತಾನೆ ಎಂಬುದು ಕಾರಣ. ತಂದೆಯೇ ಜ್ಞಾನಿಯಾಗಿದ್ದರೆ ಮಾತ್ರ ಅವನಿಗೆ ಮೊದಲ ಸ್ಥಾನ. ಹಿಡಿದು ತಂದವನಿಗಲ್ಲ, ಕೊಟ್ಟವನಿಗೆ ಇಲ್ಲಿ ಒಡೆತನ. ಎಷ್ಟು ಕೊಟ್ಟ ಎಂಬುದೂ ಮುಖ್ಯವಲ್ಲ. ದಾವೀದ ಅರಸನು ತನ್ನ ಮಂತ್ರಿ ಅಹೀತೋಫೆಲನಿಂದ ಕಲಿತದ್ದು ಎರಡೇ ಸಂಗತಿ, ಅಷ್ಟಕ್ಕೇ ಅವನನ್ನು ಗುರುವೆಂದ ಎಂದು ಹಳೆಯ ಪಾಠಗಳು ನೆನೆಯುತ್ತವೆ. ಆ ಅಹೀತೋಫೆಲ ಮುಂದೆ ದಾವೀದನಿಗೇ ದ್ರೋಹ ಬಗೆದವನು. ಆದರೂ ಕಲಿಸಿದ ಋಣ ಅಳಿಯಲಿಲ್ಲ.

ಬಳಕೆಯಲ್ಲಿ ಈ ಬಿರುದುಗಳು ಬರಿಯ ಪದವಿಗಳಾಗಿ ಗಡುಸಾದವು ಎಂಬುದನ್ನು ಒಪ್ಪಲೇಬೇಕು. ಕೈಯಿಟ್ಟು ದೀಕ್ಷೆ ಕೊಡುವ ‘ಸೆಮಿಖಾ’ ಇಸ್ರೇಲ್ ನಾಡಿನಲ್ಲಿ ಮಾತ್ರ ಸಲ್ಲುತ್ತಿತ್ತು. ಹೀಗಾಗಿ ಬಾಬಿಲೋನಿನ ಪಂಡಿತರು ‘ರವ್’ ಎನಿಸಿಕೊಂಡರೇ ಹೊರತು ‘ರಬ್ಬಿ’ ಆಗಲಿಲ್ಲ. ಮುಂದೆ ಅಲ್ಲಿನ ಸೂರಾ, ಪುಂಬೆದಿತಾ ವಿದ್ಯಾಪೀಠಗಳ ಮುಖ್ಯಸ್ಥರಿಗೆ ‘ಗಾವೋನ್’ ಎಂಬುದು ಹುದ್ದೆಯ ಹೆಸರೇ ಆಯಿತು. ಶಿಷ್ಯರಲ್ಲದವರೂ ‘ರಬ್ಬಿ’ ಎನ್ನತೊಡಗಿದಾಗ ಒಳಗಿನ ‘ನನ್ನ’ ಕಿವಿಗೆ ಕೇಳಿಸದಾಯಿತು. ಇದು ನಷ್ಟವೇ. ಆದರೆ ಬಿರುದು ನಿಂತಿರುವುದು ಯಾರ ಮೇಲೆ ಎಂಬುದನ್ನು ಆ ಪರಂಪರೆ ಮರೆತಿರಲಿಲ್ಲ. ಮಿಶ್ನಾದ ಜೊತೆಗ್ರಂಥವಾದ ತೊಸೆಫ್ತಾದಲ್ಲಿ ಇದರ ಲೆಕ್ಕವಿದೆ: ಶಿಷ್ಯರೂ ಆ ಶಿಷ್ಯರಿಗೆ ಶಿಷ್ಯರೂ ಇರುವವನನ್ನು ರಬ್ಬಿ ಎನ್ನಬೇಕು, ಅವನ ಶಿಷ್ಯರು ಮರೆತುಹೋದ ಮೇಲೆ ರಬ್ಬಾನ್ ಎನ್ನಬೇಕು, ಎರಡೂ ತಲೆಮಾರು ಮರೆತುಹೋದರೆ ಹೆಸರು ಹಿಡಿದೇ ಕರೆಯಬೇಕು. ‘ನನ್ನವನು’ ಎನ್ನಲು ಯಾರೂ ಉಳಿಯದ ಹೊತ್ತಿಗೆ ಬಿರುದೂ ಕಳಚಿಬೀಳುತ್ತದೆ. ಮಿಶ್ನಾದ ಹಳೆಯ ಗುರುಗಳಾದ ಹಿಲ್ಲೆಲ್, ಶಮ್ಮಾಯ್ ಹೆಸರುಗಳ ಹಿಂದೆ ರಬ್ಬಿಯೂ ಇಲ್ಲ, ರಬ್ಬಾನ್ ಕೂಡ ಇಲ್ಲ. ಇಂದಿಗೂ ಅವರು ಬರೀ ಹಿಲ್ಲೆಲ್, ಬರೀ ಶಮ್ಮಾಯ್.