ಅಟ್ಟಿದ ಮಿಡತೆ

ನವಲಗುಂದ, ಅಣ್ಣಿಗೇರಿಯ ಎರೆನೆಲದಲ್ಲಿ ಜೋಳದ ತೆನೆ ಹಾಲುಗಾಳಾದಾಗ ಒಕ್ಕಲಿಗನು ಕವಣೆ ಬೀಸಿ ಹಕ್ಕಿಗಳನ್ನು ಅಟ್ಟುತ್ತಾನೆ. ಎದ್ದ ಹಕ್ಕಿ ಬದುವಿನಾಚೆಯ ಹೊಲದಲ್ಲಿ ಇಳಿಯುತ್ತದೆ; ಅಲ್ಲಿಯವನು ಅದನ್ನು ಮತ್ತೆ ಈಚೆಗೆ ಅಟ್ಟುತ್ತಾನೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಹಕ್ಕಿ ತಿಂದರೆ ನಾಲ್ಕು ತೆನೆ. ಆದರೆ ಹಾರಿ ಬಂದದ್ದು ಮಿಡತೆಯ ದಂಡಾದರೆ?

2020ರ ಮೊದಲಲ್ಲಿ ಕೆನ್ಯಾದ ಈಶಾನ್ಯ ಭಾಗದಲ್ಲಿ ಕಂಡ ಒಂದು ದಂಡು 60 ಕಿಲೋಮೀಟರು ಉದ್ದ, 40 ಕಿಲೋಮೀಟರು ಅಗಲವಿತ್ತು. ಒಂದು ಚದರ ಕಿಲೋಮೀಟರಿನ ದಂಡು ದಿನವೊಂದಕ್ಕೆ 35,000 ಜನರು ಉಣ್ಣುವಷ್ಟನ್ನು ತಿನ್ನಬಲ್ಲದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ. ಉದ್ಯೋಗಕ್ಕೆಂದು ಅಲ್ಲಿ ನೆಲೆಸಿದ ಕನ್ನಡಿಗನಿಗೆ ಅದು ಊರಿಗೆ ತಿಳಿಸಬೇಕಾದೊಂದು ಸೋಜಿಗ. ಹೊಲವುಳ್ಳವನಿಗೆ ವರ್ಷದ ಅನ್ನದ ಪ್ರಶ್ನೆ. ಅವನು ತಟ್ಟೆ, ಡಬ್ಬ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾನೆ. ದಂಡು ಎದ್ದು ನೆರೆಯವನ ಪೈರಿನ ಮೇಲೆ ಇಳಿಯುತ್ತದೆ. ತಟ್ಟೆ ಬಡಿದವನು ಪಾಪ ಮಾಡಿದನೆ?

ಛಾಂದೋಗ್ಯ ಉಪನಿಷತ್ತಿನಲ್ಲಿ ಉಷಸ್ತಿಯ ಕಥೆಯಿದೆ. ಕುರುದೇಶವು 'ಮಟಚೀ'ಯಿಂದ ಹಾಳಾಗಿತ್ತು. ಈ ಶಬ್ದಕ್ಕೆ ಸಿಡಿಲೆಂದೂ ಆಲಿಕಲ್ಲೆಂದೂ ಅರ್ಥ ಹೇಳುವವರಿದ್ದಾರೆ; ಧಾರವಾಡದ ಕಡೆಯ ಹಳ್ಳಿಗರ 'ಮಿಡಚಿ'ಯೇ ಅದು ಎನ್ನುವ ವಿದ್ವಾಂಸರೂ ಉಂಟು. ಹಸಿದ ಉಷಸ್ತಿ ಆನೆಯವನೊಬ್ಬನ ಎಂಜಲು ಕಾಳನ್ನು ಬೇಡಿ ತಿಂದನು. ಅವನು ನೀರನ್ನೂ ಕೊಡಹೋದಾಗ, ಎಂಜಲು ನೀರು ಬೇಡವೆಂದನು. ಕಾಳು ಎಂಜಲಲ್ಲವೇ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಗುತ್ತದೆ ಎಂದನು.

ಆಪತ್ತು ಕೊಡುವ ರಿಯಾಯಿತಿ ಆಪತ್ತಿನಷ್ಟೇ ಅಗಲ. ತಟ್ಟೆಯೊಂದೇ ಸಾಧನವಾಗಿರುವ ರೈತನಿಗೆ ಅದನ್ನು ಬಡಿಯುವುದು ಉಷಸ್ತಿಯ ಕಾಳು. ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಬೇರೆ ದಾರಿಯಿರುವವರು ಅವನ ಆಪತ್ತನ್ನು ತಮ್ಮದೆಂದು ಹೇಳಿಕೊಳ್ಳಲಾಗದು.

ಅದೇ ವರ್ಷ ಮೇ ತಿಂಗಳಲ್ಲಿ ದಂಡು ರಾಜಸ್ಥಾನ, ಮಧ್ಯಪ್ರದೇಶಗಳನ್ನು ಹಾಯ್ದು ವಿದರ್ಭಕ್ಕೆ ಬಂದಾಗ ಬೀದರ, ಕಲಬುರಗಿಯ ರೈತರಿಗೆ ಎಚ್ಚರಿಕೆ ಹೋಯಿತು. ದಂಡು ಇತ್ತ ಬರಲಿಲ್ಲ. ಗಾಳಿ ನಮ್ಮನ್ನು ಕಾಯಿತೆಂದು ಸಮಾಧಾನಪಟ್ಟದ್ದು ಸಹಜವೇ. ಆದರೆ ಅದೇ ಗಾಳಿ ಇನ್ನೊಬ್ಬರ ಹೊಲಕ್ಕೂ ಬೀಸಿತು. ಸಮಾಧಾನ ತಪ್ಪಲ್ಲ, ಅಲ್ಲಿಗೇ ವಿಚಾರ ಮುಗಿಯಿತೆಂದುಕೊಳ್ಳುವುದು ತಪ್ಪು.

ಸರಕಾರಗಳು ಇದನ್ನು ಒಂದಿಷ್ಟಾದರೂ ಅರಿತಿವೆ. ಭಾರತದಲ್ಲಿ ಮಿಡತೆಯ ಮುನ್ಸೂಚನೆಗೆಂದು 1939ರಲ್ಲಿ ಒಂದು ಸಂಸ್ಥೆ ಹುಟ್ಟಿತು. 1964ರಲ್ಲಿ ಭಾರತ, ಪಾಕಿಸ್ತಾನ, ಇರಾನ್, ಅಫಘಾನಿಸ್ತಾನಗಳಿಗೆ ಸೇರಿದ ಆಯೋಗವೊಂದು ಆಯಿತು. ಭಾರತ-ಪಾಕಿಸ್ತಾನಗಳ ನಂಟು ಹದಗೆಟ್ಟಿದ್ದ 2020ರಲ್ಲಿಯೂ ಮಿಡತೆಯ ವಿಷಯದಲ್ಲಿ ಅಧಿಕಾರಿಗಳ ಮಾತು ನಿಲ್ಲಲಿಲ್ಲ. ಮರಿಗಳಿಗೆ ರೆಕ್ಕೆ ಬರುವ ಮೊದಲೇ, ಹುಟ್ಟಿದ ನೆಲದಲ್ಲಿಯೇ ತಡೆದರೆ ಯಾರೂ ಯಾರ ಹೊಲಕ್ಕೂ ಅಟ್ಟಬೇಕಾಗುವುದಿಲ್ಲ.

ಪೇಟೆಯಲ್ಲಿರುವ ನಮಗೆ ಮಿಡತೆಯ ಭಯವಿಲ್ಲ. ಆದರೂ ನಮ್ಮ ಅಂಗಳದ ಕಸ ಎದುರುಮನೆಯ ಗೋಡೆಗೆ ಹೋಗುತ್ತದೆ. ನಮ್ಮ ಬಚ್ಚಲ ನೀರು ಕೆಳಗಿನ ಓಣಿಗೆ ಹರಿಯುತ್ತದೆ. ಕೇಳಿದರೆ, ಏನು ಮಾಡುವುದು, ಬೇರೆ ಉಪಾಯವಿಲ್ಲ ಎನ್ನುತ್ತೇವೆ. ಉಪಾಯ ನಿಜವಾಗಿಯೂ ಇಲ್ಲವೆ, ಅಥವಾ ಹುಡುಕುವ ಶ್ರಮ ಬೇಡವೆ? ಹಸಿವಿನಿಂದ ಸಾಯುತ್ತಿದ್ದವನೇ ಈ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡಿದ್ದನು. ಹೊಟ್ಟೆ ತುಂಬಿದವರು ಕೇಳಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.