ಇಕ್ಕಟ್ಟಾದ ಮನೆಯಲ್ಲಿ ಹಬ್ಬದ ಪಂಕ್ತಿ



ಕ್ರಿಸ್ತಜಯಂತಿಯ ಹಬ್ಬವು ಸಮೀಪಿಸುತ್ತಿದೆ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯ ಸುತ್ತಣ ಹಳ್ಳಿಗಳಲ್ಲಿ ಇದು ರಾಗಿಯ ಕೊಯ್ಲು ಮುಗಿದು ಅವರೆಕಾಯಿ ಬರುವ ಕಾಲ. ಹಬ್ಬದ ದಿನ ಆರಾಧನೆಯಾದ ಮೇಲೆ ನೆಂಟರನ್ನೂ ನೆರೆಯವರನ್ನೂ ಕರೆದು ಉಣಬಡಿಸಬೇಕೆಂಬ ಆಶೆಯು ಎಲ್ಲರಿಗೂ ಇರುವದು. ಆದರೆ ಅನೇಕರ ಮನೆಯಲ್ಲಿ ಒಂದು ನಡುಮನೆ, ಒಂದು ಅಡಿಗೆಮನೆ, ಇಷ್ಟೇ. ಎಂಟು ಮಂದಿ ಕೂತರೆ ಬಡಿಸುವವರಿಗೆ ಕಾಲಿಡಲು ಸ್ಥಳವಿರುವದಿಲ್ಲ. ಹೀಗಿರಲಾಗಿ ಯಾರನ್ನು ಕರೆಯುವದು? ಯಾರನ್ನು ಬಿಡುವದು? ಇದು ಬರೀ ಮನೆವಾರ್ತೆಯ ಮಾತೆಂದು ಕೆಲವರು ತಿಳಿಯಬಹುದು. ಚೆನ್ನಾಗಿ ವಿಚಾರಿಸಿದರೆ ಇದು ಮನಸ್ಸಾಕ್ಷಿಯ ಪ್ರಶ್ನೆಯೇ ಆಗಿದೆ.

ಮೊದಲು ಬೇತ್ಲೆಹೇಮನ್ನು ನೋಡೋಣ. ಕರ್ತನ ಜನನದ ವೃತ್ತಾಂತದಲ್ಲಿ ಛತ್ರವೆಂಬ ಮಾತನ್ನು ಕೇಳಿ, ಊರವರೆಲ್ಲರೂ ಬಾಗಿಲು ಮುಚ್ಚಿದರೆಂದು ನೆನಸುವದು ವಾಡಿಕೆ. ಆದರೆ ಗ್ರೀಕು ಮೂಲದಲ್ಲಿ ಅಲ್ಲಿರುವ ಶಬ್ದವೂ, ಕರ್ತನು ಕಡೇ ರಾತ್ರಿ ಶಿಷ್ಯರ ಸಂಗಡ ಪಸ್ಕದ ಊಟ ಮಾಡಿದ ಕೊಠಡಿಗೆ ಲೂಕನು ಹೇಳುವ ಶಬ್ದವೂ ಒಂದೇ. ಸಮಾರ್ಯದವನು ಗಾಯಪಟ್ಟವನನ್ನು ಸೇರಿಸಿದ ಛತ್ರಕ್ಕಾದರೋ ಲೂಕನು ಬೇರೊಂದು ಶಬ್ದವನ್ನು ಬಳಸುತ್ತಾನೆ. ಆದಕಾರಣ ಅದು ಮನೆಯೊಳಗಿನ ಅತಿಥಿಗಳ ಕೊಠಡಿಯೆಂದು ಈಗಿನ ಪಂಡಿತರಲ್ಲಿ ಅನೇಕರ ಅಭಿಪ್ರಾಯ. ಆ ದೇಶದ ಬಡ ಬೇಸಾಯಗಾರರ ಮನೆಗಳಲ್ಲಿ ಜನರು ಮಲಗುವ ಎತ್ತರದ ಜಾಗವೂ ದನ ಕಟ್ಟುವ ತಗ್ಗಿನ ಜಾಗವೂ ಒಂದೇ ಸೂರಿನ ಕೆಳಗಿರುತ್ತಿದ್ದವು. ನಮ್ಮ ಸೀಮೆಯ ಹಳೇ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಹೊಸ್ತಿಲು ದಾಟಿದೊಡನೆ ದನಗಳ ಗೊಂತು ಇರುತ್ತಿದ್ದ ಮನೆಗಳು ಎಷ್ಟೋ ಇದ್ದವು. ಈ ಅಭಿಪ್ರಾಯವು ಸರಿಯಾದರೆ, ಕೊಠಡಿ ತುಂಬಿದ್ದ ಯಾರೋ ಬಡವರು ಒತ್ತರಿಸಿಕೊಂಡು, ತಾವು ವಾಸಿಸುವಲ್ಲಿಯೇ, ಗೋದಲಿಯ ಪಕ್ಕದಲ್ಲಿ, ಮರಿಯಳಿಗೆ ಸ್ಥಳಕೊಟ್ಟರು. ಲೋಕರಕ್ಷಕನು ಇಕ್ಕಟ್ಟಾದ ಮನೆಯಲ್ಲಿ ಅತಿಥಿಯಾದನು. ಹೀಗಿದ್ದ ಮೇಲೆ ಚಿಕ್ಕ ಮನೆಯು ನಾಚಿಕೆಯ ಕಾರಣವಲ್ಲ.

ಎರಡನೆಯದಾಗಿ ಕೊರಿಂಥದ ಸಭೆಯನ್ನು ನೋಡೋಣ. ಆ ಕಾಲದಲ್ಲಿ ಗುಡಿಕಟ್ಟಡಗಳಿರಲಿಲ್ಲ. ವಿಶ್ವಾಸಿಗಳು ಮನೆಗಳಲ್ಲಿ ಕೂಡುತ್ತಿದ್ದರು. ರೋಮನ್ನರ ಪದ್ಧತಿಯಂತೆ ಸಿರಿವಂತನ ಭೋಜನಶಾಲೆಯಲ್ಲಿ ಮೂರು ಮಂಚಗಳು, ಒಂದೊಂದರ ಮೇಲೆ ಮೂವರು, ಒಟ್ಟು ಒಂಬತ್ತು ಮಂದಿಗೆ ಮಾತ್ರ ಸ್ಥಳ. ಮಿಕ್ಕವರು ಹೊರಗಿನ ಅಂಗಳದಲ್ಲಿ ಕೂಡುತ್ತಿದ್ದರೆಂದು ಕೆಲವರು ಊಹಿಸುತ್ತಾರೆ. ಅಲ್ಲಿ ಉಳ್ಳವರು ಮುಂದಾಗಿ ತಿಂದು ತೃಪ್ತರಾದರು. ದುಡಿದು ತಡವಾಗಿ ಬಂದ ಬಡವರು ಹಸಿದೇ ಇದ್ದರು. ಅಪೊಸ್ತಲನಾದ ಪೌಲನು ಇದಕ್ಕಾಗಿ ಅವರನ್ನು ಕಠಿಣವಾಗಿ ಗದರಿಸಿದನು. ಗಮನಿಸಿರಿ, ಮನೆ ಚಿಕ್ಕದೆಂದು ಆತನು ಆಕ್ಷೇಪಿಸಲಿಲ್ಲ. ಒಬ್ಬರಿಗೊಬ್ಬರು ಕಾದುಕೊಳ್ಳಲಿಲ್ಲವೆಂಬದೇ ಆತನ ಆಕ್ಷೇಪಣೆ.

ನಮ್ಮ ದೇಶದಲ್ಲಿಯೂ ಸಭೆಯ ಪರೀಕ್ಷೆಯು ಊಟದ ಎಲೆಯ ಮುಂದೆಯೇ ನಡೆಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡ್ಯಾನಿಯಲ್ ವಿಲ್ಸನ್‌ರವರು ದಕ್ಷಿಣದ ಸಭೆಗಳಲ್ಲಿ ಜಾತಿಭೇದವನ್ನು ಸಂಪೂರ್ಣವಾಗಿ ಬಿಡತಕ್ಕದ್ದೆಂದು ಪತ್ರ ಬರೆದರು. 1847ರಲ್ಲಿ ಮಧುರೆಯ ಅಮೆರಿಕನ್ ಮಿಷನ್ನಿನವರು, ತಮ್ಮ ಕೆಲಸಗಾರರೆಲ್ಲರೂ ಕೂಡಿ ಒಂದು ಪ್ರೀತಿಭೋಜನದಲ್ಲಿ ಉಣ್ಣಬೇಕೆಂದು ಗೊತ್ತುಮಾಡಿದಾಗ, ಅನೇಕರು ಕೆಲಸವನ್ನಾದರೂ ಬಿಟ್ಟರು, ಪಂಕ್ತಿಗೆ ಬರಲಿಲ್ಲ. ಕೂಡಿ ಹಾಡುವದು ಸುಲಭ. ಕೂಡಿ ಉಣ್ಣುವದು ಕಷ್ಟ.

ಈಗ ನಮ್ಮಲ್ಲಿ ಜಾತಿಯ ಹೆಸರನ್ನು ಎತ್ತಿ ಯಾರೂ ಯಾರನ್ನೂ ದೂರವಿಡಲಾರರು. ಅದಕ್ಕೆ ಬದಲಾಗಿ ಮೆತ್ತಗಿನ ಮಾತೊಂದು ಸಿಕ್ಕಿದೆ: "ಸ್ಥಳ ಸಾಲದು." ಈ ಮಾತು ನಿಜವೋ ನೆಪವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಪಟ್ಟಣದಿಂದ ಅನುಕೂಲಸ್ಥರಾದ ನೆಂಟರು ನಾಲ್ವರು ಹೇಳದೆ ಕೇಳದೆ ಬಂದರೆ ಸ್ಥಳವಾಗುವದೋ? ಆಗುವದಾದರೆ, ಮನೆಯಲ್ಲಿ ಸ್ಥಳವಿದೆ, ಹೃದಯದಲ್ಲಿ ಇಲ್ಲ.

"ನಮ್ಮವರಿಗೆ ಮೊದಲು ಮಾಡುವದು ಧರ್ಮವಲ್ಲವೇ?" ಎಂದು ಕೇಳುವವರಿದ್ದಾರೆ. ಹೌದು, ಬಂಧುಗಳನ್ನು ಪ್ರೀತಿಸುವದು ಧರ್ಮವೇ. ಆದರೆ ಬಂಧುಗಳ ಊಟವು ಬಹುಮಟ್ಟಿಗೆ ಮುಯ್ಯಿಯಂಥದ್ದು. ಈ ವರುಷ ನಾವು ಇಕ್ಕಿದರೆ ಬರುವ ವರುಷ ಅವರು ಇಕ್ಕುವರು, ಲೆಕ್ಕ ಸರಿಹೋಗುವದು. ತಿರುಗಿ ಕರೆಯಲಾರದವರನ್ನು ಕರೆಯಿರೆಂದು ಕರ್ತನು ಲೂಕ ಹದಿನಾಲ್ಕನೆಯ ಅಧ್ಯಾಯದಲ್ಲಿ ಹೇಳಿದ್ದು ಈ ಲೆಕ್ಕವನ್ನು ಮುರಿಯುವದಕ್ಕೇ. ಎಂಟೇ ಎಲೆಗಳಿಗೆ ಸ್ಥಳವಿದ್ದರೆ, ಎರಡಾದರೂ ಮುಯ್ಯಿ ತೀರಿಸಲಾರದವರಿಗೆ ಇರಲಿ.

ಅಂಥವರು ದೂರದಲ್ಲಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ಸೀಮೆಯಲ್ಲಿ ಹೊಲಗಳು ಬಡಾವಣೆಗಳಾದವು. ಕಟ್ಟಡದ ಕೆಲಸಕ್ಕೆ ದೂರದ ಜಿಲ್ಲೆಗಳಿಂದಲೂ ಬೇರೆ ರಾಜ್ಯಗಳಿಂದಲೂ ಬಂದವರು ತಗಡಿನ ಗುಡಿಸಲುಗಳಲ್ಲಿ ವಾಸಿಸುತ್ತಾರೆ. ಹಬ್ಬದ ದಿನ ಅವರನ್ನು ಕರೆಯುವವರಾರು? ಮಕ್ಕಳು ದೂರ ಹೋದ ಮೇಲೆ ಒಂಟಿಯಾಗಿ ಉಳಿದ ಮುದುಕಿಯೂ, ಕಾಯಿಲೆಯಿಂದ ಗುಡಿಗೆ ಬರಲಾರದವನೂ ಪ್ರತಿಯೊಂದು ಊರಿನಲ್ಲಿದ್ದಾರೆ.

ಇನ್ನು ಮಾಡುವ ಬಗೆ. ನಡುಮನೆ ಸಾಲದಿದ್ದರೆ ಅಂಗಳವನ್ನು ಸಾರಿಸಿ ಚಾಪೆ ಹಾಸಿರಿ. ರಾಗಿಯ ಕಣವಿರುವವರಿಗೆ ಅದಕ್ಕಿಂತ ಒಳ್ಳೇ ಭೋಜನಶಾಲೆ ಬೇಕಿಲ್ಲ. ಅದೂ ಇಲ್ಲದಿದ್ದರೆ ಎರಡು ಮೂರು ಪಂಕ್ತಿಯಾಗಿ ಬಡಿಸಿರಿ. ಮೊದಲನೆಯ ಪಂಕ್ತಿಯಲ್ಲಿ ಮಕ್ಕಳೂ ಮುದುಕರೂ ಪರಸ್ಥಳದವರೂ ಕೂಡಲಿ. ಮನೆಯ ಯಜಮಾನನು ಕಡೆಯ ಪಂಕ್ತಿಯಲ್ಲಿ ಕೂಡಲಿ. ಮೊದಲಿನವರಿಗೆ ಪಾಯಸ, ಕಡೆಯವರಿಗೆ ತಿಳಿಸಾರು ಎಂಬಂತಾಗಬಾರದು. ಒಳಗೆ ಇಂಥವರು, ಹೊರಗೆ ಇಂಥವರು ಎಂಬ ವಿಂಗಡಣೆಯೂ ಬೇಡ. ಇದಕ್ಕಾಗಿ ಸಾಲಮಾಡುವದು ಸಲ್ಲದು. ಅವರೆಕಾಳಿನ ಸಾರೂ ಮುದ್ದೆಯೂ ಬಂದವರೆಲ್ಲರಿಗೂ ಸಾಕಾಗುವಷ್ಟಿದ್ದರೆ, ಕೆಲವರಿಗೆ ಮಾತ್ರ ಸಿಕ್ಕುವ ಹತ್ತು ಬಗೆಯ ಭಕ್ಷ್ಯಕ್ಕಿಂತ ಅದೇ ಹಬ್ಬದೂಟ. ಒಂದೇ ಕೋಣೆಯಲ್ಲಿರುವ ವಿಧವೆಯು ಸಹ "ನಾನೇನು ಕರೆಯಲಿ" ಎಂದು ಕುಗ್ಗದಿರಲಿ. ಒಬ್ಬರಿಗೆ ಎಲೆಹಾಕಿದರೂ ಅದು ಪ್ರೀತಿಭೋಜನವೇ.

ಒಟ್ಟಿನಲ್ಲಿ ಹೇಳುವದೇನಂದರೆ, ಒಂದು ಸಾರಿಗೆ ಎಷ್ಟು ಮಂದಿ ಕೂಡಬೇಕೆಂಬದನ್ನು ಮನೆಯ ಗೋಡೆಗಳು ತೀರ್ಮಾನಿಸಲಿ. ಯಾರನ್ನು ಕರೆಯಬೇಕೆಂಬದನ್ನು ತೀರ್ಮಾನಿಸುವ ಅಧಿಕಾರವನ್ನು ಗೋಡೆಗಳಿಗೆ ಕೊಡಬೇಡಿರಿ. ಗೋದಲಿಯಲ್ಲಿ ಸ್ಥಳಕಂಡ ಕರ್ತನು ನಿಮ್ಮ ಪಂಕ್ತಿಯನ್ನು ಆಶೀರ್ವದಿಸಲಿ.